ಗೋಡೆ, ಕಂಬಳಿ, ಕೌದಿ: ದಖ್ಖನ್ನಿನಲ್ಲಿ ಬೆಚ್ಚಗಿರುವ ಚರಿತ್ರೆ

ಪುಣೆಯ ಹವಾಮಾನ ದಾಖಲೆಗಳಲ್ಲಿ 1935ರ ಜನವರಿ 17 ನೆನಪಿಡಬೇಕಾದ ದಿನ. ಅಂದು ನಗರದ ಉಷ್ಣತೆ 1.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಭಾರತೀಯ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಶಿಮ್ಲಾದಿಂದ ಪುಣೆಗೆ ಬಂದದ್ದು 1928ರಲ್ಲಿ. ಶಿವಾಜಿನಗರದ ಆ ಕಲ್ಲುಕಟ್ಟಡವನ್ನು ಪುಣೇಕರರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ಹಿಮಾಲಯದ ಹೆಸರು ಹೊತ್ತು ಬಂದ ಕಚೇರಿ ಏಳೇ ವರ್ಷಗಳಲ್ಲಿ ದಖ್ಖನ್ನಿನ ಚಳಿಯೂ ಲೆಕ್ಕಕ್ಕೆ ಹಿಡಿಯಬೇಕಾದದ್ದೆಂದು ಬರೆದಿಡಬೇಕಾಯಿತು.

ಅಂಥ ರಾತ್ರಿಗಳು ಅಪರೂಪ. ಸಾಮಾನ್ಯವಾಗಿ ಜನವರಿಯ ಪುಣೆಯಲ್ಲಿ ಹಗಲಿನ ಉಷ್ಣತೆ 30 ಡಿಗ್ರಿಯ ಆಸುಪಾಸಿನಲ್ಲಿದ್ದು, ರಾತ್ರಿ 11-12 ಡಿಗ್ರಿಗೆ ಇಳಿಯುತ್ತದೆ. ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ರಾತ್ರಿ ಅದಕ್ಕಿಂತಲೂ ಕೆಳಗೆ ಹೋಗುವುದುಂಟು. ಬೆಟ್ಟದ ಇಳಿಜಾರಿನಲ್ಲಿ ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ, ಟೇಕಡಿಗಳ ಮಗ್ಗುಲಿನಲ್ಲಿರುವ ಕೋಥರೂಡದಂಥ ಬಡಾವಣೆಗಳಿಗೆ ಬೆಳಗಿನ ಜಾವದ ಚಳಿ ಚೆನ್ನಾಗಿಯೇ ಪರಿಚಿತ. ಒಂದೇ ದಿನದಲ್ಲಿ ಹದಿನೆಂಟು ಡಿಗ್ರಿಗಳಷ್ಟು ಏರಿಳಿಯುವ ಈ ಹವೆಯೇ ದಖ್ಖನ್ನಿನ ಚಳಿಗಾಲದ ಲಕ್ಷಣ.

ಈ ಚಳಿಯನ್ನು ನಮ್ಮ ಹಿಂದಿನವರು ಹೇಗೆ ಕಳೆದರು? ಅರಸರ ಚರಿತ್ರೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮಾನವಸ್ತ್ರಗಳ, ಶಾಲುಗಳ, ಕಿನಕಾಪುಗಳ ವರ್ಣನೆ ಅಲ್ಲಿ ದೊರೆತೀತು. ಒಕ್ಕಲಿಗನ ಮಗು ರಾತ್ರಿ ಏನು ಹೊದ್ದು ಮಲಗಿತೆಂಬುದು ದೊರೆಯದು. ಆ ಉತ್ತರವನ್ನು ಗೋಡೆಗಳಲ್ಲಿ, ಮಗ್ಗಗಳಲ್ಲಿ, ಹಳೆಯ ಸೀರೆಗಳ ಹೊಲಿಗೆಗಳಲ್ಲಿ ಹುಡುಕಬೇಕಾಗುತ್ತದೆ. ಹಾಗೆ ಹುಡುಕಹೊರಟರೆ ಕನ್ನಡ ಮತ್ತು ಮರಾಠಿಗಳ ನಡುವಿನ ಗಡಿ ನಮ್ಮ ಕಾಲಕೆಳಗೆ ಅಳಿಸಿಹೋಗುವುದು, ಹೊರನಾಡಿನಲ್ಲಿ ನೆಲೆಸಿದ ನಮಗೆ ವಿಶೇಷವಾದ ಸಂಗತಿ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಶೀತದೇಶಗಳ ಜನ ಕೋಣೆಯನ್ನು ಕಾಯಿಸಿಕೊಂಡು ಬದುಕುತ್ತಾರೆ. ಹಾಗೆ ಮಾಡದಿದ್ದರೆ ಅಲ್ಲಿ ಸಾವೇ ಬಂದೀತು. ಆದ್ದರಿಂದ ಅಲ್ಲಿನ ಬಡತನದ ಚಿತ್ರಗಳೆಲ್ಲ ಇಂಧನದ ಸುತ್ತ ಹೆಣೆದುಕೊಂಡಿವೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯಲ್ಲಿ ಕಲ್ಲಿದ್ದಲ ಪೆಟ್ಟಿಗೆ ಯಜಮಾನನ ಕೋಣೆಯಲ್ಲಿರುತ್ತದೆ. ಗುಮಾಸ್ತ ಮೇಣದಬತ್ತಿಯ ಉರಿಗೆ ಕೈ ಕಾಸಿಕೊಳ್ಳಲು ಯತ್ನಿಸುತ್ತಾನೆ. ಕೋಣೆಯ ಶಾಖ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿದೆ ಎಂಬುದನ್ನು ಡಿಕನ್ಸ್ ಆ ಒಂದು ವಿವರದಲ್ಲಿ ತೋರಿಸಿಬಿಟ್ಟ.

ದಖ್ಖನ್ನಿನ ಕ್ರಮ ಬೇರೆ. ಇಲ್ಲಿ ಚಳಿ ಎರಡು-ಮೂರು ತಿಂಗಳಿನದು, ಅದೂ ರಾತ್ರಿಯದು. ಬಯಲುಸೀಮೆಯಲ್ಲಿ ಕಟ್ಟಿಗೆ ಎಂದೂ ಹೇರಳವಾಗಿರಲಿಲ್ಲ. ಇದ್ದ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಗಳು ಅಡುಗೆಗೇ ಸಾಲುತ್ತಿರಲಿಲ್ಲ. ಆದ್ದರಿಂದ ಇಲ್ಲಿಯ ಜನ ಕೋಣೆಯನ್ನು ಕಾಯಿಸುವ ಗೊಡವೆಗೆ ಹೋಗದೆ ಮೈಯ ಕಾವನ್ನು ಕಾಪಾಡಿಕೊಂಡರು. ನಿದ್ರಿಸುತ್ತಿರುವ ಮನುಷ್ಯನ ಶರೀರ ಸುಮಾರು 70 ವ್ಯಾಟ್‌ನಷ್ಟು ಶಾಖವನ್ನು ಹೊರಸೂಸುತ್ತಲೇ ಇರುತ್ತದೆ. ಅದು ಹಾರಿಹೋಗದಂತೆ ನೋಡಿಕೊಂಡರೆ ಸಾಕು. ಖರ್ಚಿಲ್ಲದ ಒಲೆಯೊಂದು ಹಾಸಿಗೆಯಲ್ಲೇ ಉರಿಯುತ್ತಿರುತ್ತದೆ. ಇದಕ್ಕೆ ಹೋಲಿಸಿ ನಮ್ಮ ಕಾಲದ ಲೆಕ್ಕ ನೋಡಬಹುದು. 2000 ವ್ಯಾಟ್‌ನ ಹೀಟರನ್ನು ರಾತ್ರಿ ನಾಲ್ಕು ಗಂಟೆ ಉರಿಸಿದರೆ 8 ಯೂನಿಟ್. ಅರವತ್ತು ರಾತ್ರಿಗಳಿಗೆ 480 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿಯೆಂದು ಹಿಡಿದರೂ ಒಂದೇ ಕೋಣೆಗೆ 4,800 ರೂಪಾಯಿ. ಮುಂದಿನ ವರ್ಷ ಮತ್ತೆ ಅಷ್ಟೇ.

ಮೈಯ ಕಾವನ್ನು ಕಾಯುವ ಹಳೆಯ ಉಪಾಯಗಳಲ್ಲಿ ಮೊದಲನೆಯದು ಗೋಡೆ. ಪುಣೆಯ ಪೇಠೆಗಳಲ್ಲಿ ಉಳಿದಿರುವ ವಾಡೆಗಳನ್ನು ಹೊಕ್ಕವರಿಗೆ ಅವುಗಳ ಗೋಡೆಯ ದಪ್ಪ ಮೊದಲು ಕಣ್ಣಿಗೆ ಬೀಳುತ್ತದೆ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಮಣ್ಣು, ನಡುವೆ ಮರದ ಚೌಕಟ್ಟು, ಮಧ್ಯದಲ್ಲಿ ಬಿಸಿಲಿಗೆ ತೆರೆದ ಅಂಗಳ. ಧಾರವಾಡ, ವಿಜಯಪುರ, ಬಾಗಲಕೋಟೆಗಳ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಅಲ್ಲಿಯೂ ಒಂದೂವರೆ-ಎರಡು ಮೊಳ ದಪ್ಪದ ಗೋಡೆ. ತೊಲೆ-ಜಂತಿಗಳ ಮೇಲೆ ಹಲಗೆ ಹೊದಿಸಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು ಹಾಕಿ ದಮ್ಮಸು ಮಾಡಿದ ಮಾಳಿಗೆ. ದಪ್ಪ ಮಣ್ಣು ಹಗಲಿನ ಬಿಸಿಲನ್ನು ನಿಧಾನವಾಗಿ ಹೀರಿ, ಹಲವು ಗಂಟೆಗಳ ನಂತರ, ಅಂದರೆ ಹೊರಗೆ ತಣ್ಣಗಾದ ವೇಳೆಗೆ, ಒಳಕ್ಕೆ ಬಿಡುತ್ತದೆ. ಹಗಲು-ರಾತ್ರಿಗಳ ನಡುವೆ ಹದಿನೆಂಟು ಡಿಗ್ರಿಗಳ ಅಂತರವಿರುವ ನಾಡಿನಲ್ಲಿ ಇದಕ್ಕಿಂತ ಅಗ್ಗದ ಯಂತ್ರವಿಲ್ಲ. ಬೇಸಿಗೆಯಲ್ಲಿ ಅದೇ ಗೋಡೆ ಮನೆಯನ್ನು ತಂಪಾಗಿಡುತ್ತಿತ್ತು.

ಪುಣೆಯಲ್ಲಿ ಈ ಗೋಡೆಯ ಯುಗ ಮುಗಿಯುವಲ್ಲಿ 1961ರ ಜುಲೈ 12ಕ್ಕೆ ದೊಡ್ಡ ಪಾತ್ರವಿದೆ. ಅಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ದಂಡೆಯ ಪೇಠೆಗಳೊಳಗೆ ನುಗ್ಗಿತು. ಮಣ್ಣಿನಲ್ಲಿ ಕಟ್ಟಿದ ವಾಡೆಗಳು ನೀರಿನಲ್ಲಿ ಕರಗಿ ಕುಸಿದವು. ನಿರ್ವಸಿತರಿಗೆ ಹೊಸ ವಸಾಹತುಗಳು ಎದ್ದವು. ನಗರ ನದಿಯಾಚೆಗೆ, ಪಶ್ಚಿಮದ ಟೇಕಡಿಗಳತ್ತ ಹರಡತೊಡಗಿತು. ಅಲ್ಲಿಯವರೆಗೆ ಕೋಥರೂಡ ತೋಟ-ಹೊಲಗಳ ನಡುವಿನ ಒಂದು ಹಳ್ಳಿ. ಅದರ ನೆರೆಯ ಹಿಂಗಣೆಯಲ್ಲಿ 1900ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ವಿಧವೆಯರ ಆಶ್ರಮಕ್ಕಾಗಿ ಒಂದು ಗುಡಿಸಲು ಕಟ್ಟಿಸಿದಾಗ ಅದು ಊರಾಚೆಯ ನಿರ್ಜನ ಜಾಗವಾಗಿತ್ತು. ಇಂದು ಅವರದೇ ಹೆಸರಿನ ರಸ್ತೆಯ ಇಕ್ಕೆಲಗಳಲ್ಲಿ ನಿಂತಿರುವುದು ಕಾಂಕ್ರೀಟು. ಈಗಿನ ಗೋಡೆಗಳು ನಾಲ್ಕರಿಂದ ಆರು ಅಂಗುಲದವು. ಮೇಲಂತಸ್ತಿನ ಸ್ಲ್ಯಾಬು ಇಡೀ ರಾತ್ರಿ ಬರಿಯ ಆಕಾಶಕ್ಕೆ ತನ್ನ ಶಾಖವನ್ನು ಸೂರೆಬಿಡುತ್ತದೆ; ಟೈಲ್ಸಿನ ನೆಲ ಅಂಗಾಲಿನಿಂದ ಕಾವನ್ನು ಎಳೆದುಕೊಳ್ಳುತ್ತದೆ. ಸಗಣಿಯಿಂದ ಸಾರಿಸಿದ ನೆಲ ಅಷ್ಟು ತಣ್ಣಗಿರುತ್ತಿರಲಿಲ್ಲ. ವಾಡೆಗೆ ಮರಳಿ ಹೋಗಲಾಗದು, ಅಲ್ಲಿಯ ಕತ್ತಲೆ-ಇಕ್ಕಟ್ಟುಗಳನ್ನು ಬಲ್ಲವರು ಹಾಗೆ ಬಯಸುವುದೂ ಇಲ್ಲ. ಆದರೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಈಗ ಯಾರೂ ಮಾಡುತ್ತಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯ ಉಪಾಯ ಉಣ್ಣೆ. ದಖ್ಖನಿ ಕುರಿ ಕಪ್ಪು ಮೈಯ, ಗಟ್ಟಿ ಜೀವದ ತಳಿ. ಬಯಲುಸೀಮೆಯ ಒಣಹುಲ್ಲಿನಲ್ಲಿ ಮೇಯ್ದು, ದಿನಕ್ಕೆ ಹರದಾರಿಗಟ್ಟಲೆ ನಡೆದು ಬದುಕುವಂಥದು. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಗಳ ಒಣನೆಲವೇ ಅದರ ನಾಡು. ಅದರ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ, ನುಣುಪಾದ ಶಾಲಿಗೆ ಒಗ್ಗದು. ಆದರೆ ಬಿಗಿಯಾಗಿ ನೇಯ್ದರೆ ಗಾಳಿಯನ್ನು ತಡೆದು, ಮಳೆಯನ್ನೂ ಬಹುಹೊತ್ತು ಹೊರಗಿಡುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ನಿಂತ ಕುರುಬನಿಗೆ ಈ ವಿಜ್ಞಾನ ಅನುಭವದಿಂದಲೇ ತಿಳಿದಿತ್ತು.

ಕಂಬಳಿಯ ಕೆಲಸ ಇಡೀ ಮನೆಯದು. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟಿಯಲ್ಲಿ ನೂಲುತ್ತಿದ್ದರು. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಬಣ್ಣ ಹಾಕುವ ಪ್ರಶ್ನೆಯೇ ಇಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಹೊಸದಾಗಿದ್ದಾಗ ಹಲಗೆಯಂತೆ ಬಿರುಸಾಗಿರುವ ಅದು ಬಳಸಿದಂತೆ ಮೆತ್ತಗಾಗುತ್ತದೆ. ಹಾಸಲು, ಹೊದೆಯಲು, ತಲೆಗೆ ಕೊಪ್ಪೆಯಾಗಿ, ಕಾಳು ಹರವಲು, ಕೂಸಿಗೆ ಜೋಳಿಗೆಯಾಗಿ, ಒಂದೇ ವಸ್ತು ಹತ್ತು ಕೆಲಸಕ್ಕೆ ಒದಗುತ್ತಿತ್ತು.

ಹೆಸರುಗಳ ನಂಟನ್ನೂ ಗಮನಿಸಬೇಕು. ನಮ್ಮ ಕಂಬಳಿ ಸಂಸ್ಕೃತದ ‘ಕಂಬಲ’ದ ಸಂಬಂಧಿ. ಮರಾಠಿಯ ‘ಘೋಂಗಡೀ’, ತೆಲುಗಿನ ‘ಗೊಂಗಡಿ’ ಒಂದೇ ಮನೆತನದವು. ಬ್ರಿಟಿಷರ ಬಾಯಲ್ಲಿ ಕಂಬಳಿ ‘ಕಂಬ್ಲಿ’ಯಾಗಿ, 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಪದಕೋಶದೊಳಗೂ ಹೊಕ್ಕಿತು. ಮಹಾರಾಷ್ಟ್ರದ ರಾಜಕಾರಣದಲ್ಲಿ ಇಂದಿಗೂ ಹಳ್ಳಿಯ ಸಣ್ಣ ಸಭೆಗೆ ‘ಘೋಂಗಡೀ ಬೈಠಕ್’ ಎನ್ನುತ್ತಾರೆ. ಬಹುತೇಕ ಕಡೆ ಅಲ್ಲಿ ಹಾಸಿರುವುದು ಸಿಂಥೆಟಿಕ್ ಜಮಖಾನೆ.

ಕಂಬಳಿಯ ಹಿಂದೆ ನಡೆದರೆ ದೇವರುಗಳೂ ಸಿಗುತ್ತಾರೆ. ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳಿವೆ. ಮದುವೆಯಲ್ಲಿ ಮುಂಗೈಗೆ ಕಟ್ಟುವ ದಾರ ಉಣ್ಣೆಯದೋ ಹತ್ತಿಯದೋ ಎಂಬುದರ ಮೇಲೆ ಈ ಹೆಸರು. ನಮ್ಮ ಬೀರಪ್ಪ ಗಡಿಯಾಚೆ ಬಿರೋಬ. ಹೈಡೆಲ್‌ಬರ್ಗಿನ ವಿದ್ವಾಂಸ ಗುಂಥರ್ ಸೋಂಥೈಮರ್ ಧನಗರರೊಡನೆ ವರ್ಷಗಟ್ಟಲೆ ಒಡನಾಡಿ, ಬಿರೋಬ, ಮ್ಹಸ್ಕೋಬ, ಖಂಡೋಬರ ಕುರಿತ ಗ್ರಂಥವನ್ನು 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಅದು 1989ರಲ್ಲಿ ಇಂಗ್ಲಿಷಿಗೆ ಬಂತು. ಪುಣೆಯ ರಾ.ಚಿಂ. ಢೇರೆಯವರು 1984ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ಪಂಢರಪುರದ ವಿಠ್ಠಲನ ಮೂಲವನ್ನು ದನಗಾಹಿ-ಕುರಿಗಾಹಿ ಸಮುದಾಯಗಳಲ್ಲಿ, ಕನ್ನಡದ ನೆಲದಲ್ಲಿ ಹುಡುಕಿದರು. ಇದಕ್ಕೂ ಮೊದಲೇ ಶಂ.ಬಾ. ಜೋಶಿಯವರು ಮರಾಠಿಯಲ್ಲೇ ಪುಸ್ತಕ ಬರೆದು ಮರಾಠಿ ಸಂಸ್ಕೃತಿಯ ಕನ್ನಡ ಬೇರುಗಳ ಪ್ರಶ್ನೆಯನ್ನೆತ್ತಿದ್ದರು. ‘ಹಾಲುಮತ ದರ್ಶನ’ವನ್ನು ಬರೆದವರೂ ಅವರೇ. ಚಳಿಗಾಲ ಬಂತೆಂದರೆ ಪಂಢರಪುರದಲ್ಲಿ ವಿಠ್ಠಲನ ಮೂರ್ತಿಗೂ ಶಾಲು ಹೊದಿಸಿ ಕಿವಿ ಮುಚ್ಚುತ್ತಾರೆ.

ಇದರಲ್ಲೊಂದು ವಿಪರ್ಯಾಸವೂ ಇದೆ. ಎರಡೂ ನಾಡುಗಳ ಮಡಿವಂತ ಮನೆಗಳಲ್ಲಿ ಉಣ್ಣೆಯ ಧಾಬಳಿಗೆ ಮೈಲಿಗೆ ತಗಲದೆಂಬ ನಂಬಿಕೆಯಿತ್ತು. ಉಟ್ಟು ಪೂಜೆಗೆ ಕೂರಬಹುದಿತ್ತು, ಅಡುಗೆ ಮಾಡಬಹುದಿತ್ತು. ಉಣ್ಣೆಗೆ ದೇವರಮನೆಯವರೆಗೆ ಪ್ರವೇಶ ದೊರೆಯಿತು. ಅದನ್ನು ಕತ್ತರಿಸಿ, ನೂತು, ನೇಯ್ದವರು ಹೊರಗಿನ ಕಟ್ಟೆಯಲ್ಲೇ ಉಳಿದರು. ವಸ್ತುಗಳ ಚರಿತ್ರೆಯನ್ನು ಬರೆಯುವಾಗ ಈ ಕಟ್ಟೆಯನ್ನೂ ಬರೆಯಬೇಕು.

ಮೂರನೆಯ ಉಪಾಯ ಚಿಂದಿ. ಕಂಬಳಿ ಕೊಳ್ಳಲೂ ಹಣ ಬೇಕು. ಕೌದಿಗೆ ಬೇಕಾದದ್ದು ಹರಿದ ಸೀರೆ, ಸೂಜಿ, ದಾರ ಮತ್ತು ಬೇಸಗೆಯ ಮಧ್ಯಾಹ್ನಗಳು. ಉತ್ತರ ಕರ್ನಾಟಕದ ಕೌದಿ, ಪಶ್ಚಿಮ ಮಹಾರಾಷ್ಟ್ರದ ಗೋಧಡಿ ಅಥವಾ ವಾಕಳ, ಯಲ್ಲಾಪುರ-ಹಳಿಯಾಳ-ಮುಂಡಗೋಡಗಳ ಸಿದ್ದಿ ಹೆಂಗಸರ ಕವಂದಿ, ಇವೆಲ್ಲ ಅಕ್ಕತಂಗಿಯರು. ಆಫ್ರಿಕದಿಂದ ಬಂದು ಕನ್ನಡ ನಾಡಿನ ಕಾಡಂಚಿನಲ್ಲಿ ನೆಲೆಗೊಂಡ ಸಿದ್ದಿಯರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ‘ಫೂಲಾ’ ಎಂಬ ಬಟ್ಟೆಯ ಹೂ ಕೂರಿಸುತ್ತಾರೆ. ಹೂವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಬೆತ್ತಲೆ.

ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪದಿಂದ ಅಷ್ಟಾಗಿ ಅಲ್ಲ, ಪದರಗಳ ನಡುವೆ ನಿಂತ ಗಾಳಿಯಿಂದ. ಒಂದು ದಪ್ಪ ಬಟ್ಟೆಗಿಂತ ಐದಾರು ತೆಳು ಪದರಗಳು ಮೇಲು. ಸಾಲುಸಾಲಾದ ಹೊಲಿಗೆ ಆ ಪದರಗಳನ್ನು ಸರಿಯದಂತೆ ಹಿಡಿದಿಡುತ್ತದೆ. ಇಷ್ಟು ಪದರಗಳಿಗೆ ಹಳೆಯ ಬಟ್ಟೆ ಹೇರಳವಾಗಿ ಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಗಿರಣಿಗಳು, 1877ರಲ್ಲಿ ಸೋಲಾಪುರದ ಗಿರಣಿ, 1885ರಲ್ಲಿ ಗೋಕಾಕದ ಗಿರಣಿ ಹುಟ್ಟಿ, ಹತ್ತಿಯ ನೂಲು-ಬಟ್ಟೆ ಅಗ್ಗವಾದ ಮೇಲೆ ಬಡವರ ಮನೆಯಲ್ಲೂ ಹರಿದ ಸೀರೆಗಳ ಗಂಟು ಬೆಳೆದಿರಬೇಕೆಂದು ನಾವು ಊಹಿಸುತ್ತೇವೆ. ಕೈಮಗ್ಗದ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಗಿರಣಿಯೇ ಮತ್ತೊಂದು ದಾರಿಯಿಂದ ಅವರ ಮಕ್ಕಳಿಗೆ ಹೊದಿಕೆಯನ್ನೂ ಒದಗಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಅದೇ ಸೋಲಾಪುರ, ಸಿದ್ಧರಾಮನ ಸೊನ್ನಲಿಗೆ, ಮುಂದೆ ತನ್ನ ಹತ್ತಿಯ ಚಾದರಿಗಾಗಿ ಮನೆಮಾತಾಯಿತು. ಆ ಚಾದರಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಬೆಂಕಿ ಇರಲೇ ಇಲ್ಲವೆಂದಲ್ಲ. ಬಚ್ಚಲಿನ ಹಂಡೆ ಅಥವಾ ತಾಮ್ರದ ಬಂಬ, ಬಾಣಂತಿಯ ಮಂಚದ ಕೆಳಗಿನ ಅಗ್ಗಿಷ್ಟಿಕೆ, ಬೀದಿಯ ಶೇಕೋಟಿ, ಇವು ಅಗತ್ಯವಿದ್ದಲ್ಲಿ ಅಗತ್ಯವಿದ್ದಷ್ಟು ಉರಿದವು. ಹೆಂಚಿನ ಸಂದಿನಿಂದ, ಬೆಳಕಿಂಡಿಯಿಂದ ಗಾಳಿಯಾಡುತ್ತಿದ್ದ ಮನೆಗಳಲ್ಲಿ ಕೆಂಡದ ಹೊಗೆಗೆ ಹೊರದಾರಿಯಿತ್ತು. ಕಿಟಕಿ-ಬಾಗಿಲು ಬಿಗಿಯಾಗಿ ಮುಚ್ಚುವ ಇಂದಿನ ಕೋಣೆಯಲ್ಲಿ ಕೆಂಡವಿಟ್ಟು ಮಲಗುವುದು ಸಾವನ್ನು ಕರೆದಂತೆ. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇನ್ನು ಒಳಗಿನ ಒಲೆಯ ಮಾತು: ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಂಕ್ರಾಂತಿಗೆ ನಮ್ಮ ಎಳ್ಳು-ಬೆಲ್ಲ ಅಥವಾ ಅವರ ತಿಳಗುಳ, ಮಹಾರಾಷ್ಟ್ರದ ಹೆಂಗಸರು ಆ ಒಂದು ಹಬ್ಬಕ್ಕೆ ಮಾತ್ರ ಶುಭವೆಂದು ಉಡುವ ಕಪ್ಪು ಸೀರೆ. ಹಬ್ಬಗಳ ಪಂಚಾಂಗವನ್ನು ಹೀಗೆ ಚಳಿಯ ಪಂಚಾಂಗವಾಗಿಯೂ ಓದಬಹುದು.

ಈ ಮೂರು ಉಪಾಯಗಳಲ್ಲಿ ಉಣ್ಣೆಗೆ ಒದಗಿದ ಗತಿ ಹೆಚ್ಚು ಕಳವಳಕಾರಿ. ಕುರಿಗಾಹಿಗೆ ಇಂದು ಆದಾಯ ಬರುವುದು ಮಾಂಸದಿಂದ. ಫಲಟಣದಲ್ಲಿ 1968ರಲ್ಲಿ ಸ್ಥಾಪನೆಯಾದ ನಿಂಬಕರ ಕೃಷಿ ಸಂಶೋಧನ ಸಂಸ್ಥೆ, ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖ್ಖನಿ ಕುರಿಗೆ ತಂದು ‘ನಾರಿ ಸುವರ್ಣ’ ತಳಿಯನ್ನು ರೂಪಿಸಿತು. ಬಡ ಕುರಿಗಾಹಿಯ ದೃಷ್ಟಿಯಿಂದ ಅದು ಉಪಕಾರವೇ. ಒಂದು ಮರಿಯ ಜಾಗದಲ್ಲಿ ಎರಡು. ಉಣ್ಣೆಗೆ ಮಾತ್ರ ಕೇಳುವವರಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಅದನ್ನು ಹೊಲದ ಬದುವಿನಲ್ಲಿ ಎಸೆದು ಹೋಗುವುದು ಸಾಮಾನ್ಯವಾಗಿದೆ. ಪುಣೆಯ ಅಂಗಡಿಗಳಲ್ಲಿ ದೊರೆಯುವ ಅಗ್ಗದ ಕಂಬಳಿಗಳಲ್ಲಿ ಬಹಳಷ್ಟು ಪಾನಿಪತ್ತಿನವು. ದೂರದೇಶಗಳ ಹಳೆಯ ಸ್ವೆಟರುಗಳನ್ನು ಹರಿದು ಹಿಂಜಿ ಮತ್ತೆ ನೂತವು. ಉಳಿದವು ಪಾಲಿಯೆಸ್ಟರಿನವು. ಮಹಾರಾಷ್ಟ್ರದ ಕುರಿ-ಮೇಕೆ ಅಭಿವೃದ್ಧಿ ನಿಗಮದ ಮುಖ್ಯ ಕಚೇರಿ ಕೋಥರೂಡಕ್ಕೆ ದೂರವಲ್ಲದ ಗೋಖಲೆನಗರದಲ್ಲಿದೆ, ಅಹಿಲ್ಯಾದೇವಿ ಹೋಳ್ಕರರ ಹೆಸರಿನಲ್ಲಿ. ಆದರೂ ಕೋಥರೂಡದ ಪೇಟೆಯಲ್ಲಿ ಕೈಯಿಂದ ನೇಯ್ದ ಘೋಂಗಡಿಗಾಗಿ ಹುಡುಕಾಡಬೇಕು.

ಹಾಗಾದರೆ ಇಂದಿನ ಕೋಥರೂಡದಲ್ಲಿ ಚಳಿ ಯಾರನ್ನು ಕಾಡುತ್ತದೆ? ಫ್ಲ್ಯಾಟಿನಲ್ಲಿರುವ ನಮ್ಮಂಥವರಿಗೆ ಅದು ಎರಡು ತಿಂಗಳ ಮಾತಿನ ವಿಷಯ. ಕಟ್ಟುತ್ತಿರುವ ಕಟ್ಟಡಗಳ ಬುಡದಲ್ಲಿ ಪತ್ರೆಯ ಸಾಲುಮನೆಗಳಿವೆ. ಅಲ್ಲಿ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕನ್ನಡ ಕೇಳುತ್ತದೆ. ಊರಲ್ಲಿ ಮಣ್ಣಿನ ಗೋಡೆಯ ಮನೆಗೆ ಬೀಗ ಹಾಕಿ ಬಂದವರು ಇಲ್ಲಿ ಕೂದಲೆಳೆಯಷ್ಟು ತೆಳುವಾದ ತಗಡಿನೊಳಗೆ ಮಲಗುತ್ತಾರೆ. ತಗಡಿಗೆ ಶಾಖ ಹಿಡಿದಿಡುವ ಶಕ್ತಿಯಿಲ್ಲ. ಹೊರಗೆ ಹತ್ತು ಡಿಗ್ರಿಯಿದ್ದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ 34ನೆಯ ಕಲಮು, ಮಾಲೀಕನು ಅವರಿಗೆ ಉಚಿತವಾಗಿ ತಾತ್ಕಾಲಿಕ ವಸತಿ ಒದಗಿಸಬೇಕೆಂದೂ ಅಲ್ಲಿ ಅಡುಗೆ, ಸ್ನಾನ, ಬಟ್ಟೆ ಒಗೆತ, ಶೌಚಗಳಿಗೆ ಬೇರೆ ವ್ಯವಸ್ಥೆಯಿರಬೇಕೆಂದೂ ವಿಧಿಸಿತು. ವಸತಿ ರಾತ್ರಿ ಎಷ್ಟು ಬೆಚ್ಚಗಿರಬೇಕೆಂಬ ಮಾತು ಅದರಲ್ಲಿಲ್ಲ. ಡಿಕನ್ಸನ ಗುಮಾಸ್ತನ ಮೇಣದಬತ್ತಿ ಈ ಸಾಲುಮನೆಗಳಿಗೆ ಬಂದು ನಿಲ್ಲುತ್ತದೆ.

ಇಲ್ಲಿಗೆ ಹಳೆಯ ಉಪಾಯಗಳೇ ಸಲ್ಲುತ್ತವೆ. ನೆಲದಿಂದ ಏರುವ ತಂಪು ಹೊದಿಕೆಯ ಮೇಲಿನ ಚಳಿಗಿಂತ ಹೆಚ್ಚು ಕಾಡುವುದರಿಂದ, ಕುರಿಗಾಹಿಗಳಂತೆ ಮೊದಲು ಹಾಸಿ ಆಮೇಲೆ ಹೊದೆಯಬೇಕು. ಒಂದೇ ಕಂಬಳಿಯಿದ್ದರೆ ಅದು ಕೆಳಗಿರಲಿ, ಕೌದಿ ಮೇಲಿರಲಿ. ತಗಡಿನ ಒಳಮೈಗೆ ಗೋಣಿತಾಟು ಅಥವಾ ರಟ್ಟಿನ ಹಾಳೆಗಳನ್ನು ನಡುವೆ ಬೆರಳಗಲ ಗಾಳಿ ಬಿಟ್ಟು ಕಟ್ಟಬಹುದು. ಒಲೆಯಿರುವ ಕಡೆ ಮಾತ್ರ ಕಟ್ಟಬಾರದು. ಹಾಸಿಗೆಗಳನ್ನು ಹಗಲೆಲ್ಲ ಬಿಸಿಲಿಗೆ ಹರವಿ ಸೂರ್ಯ ಇಳಿಯುವ ಮೊದಲೇ ಮಡಿಸಿ ಒಳಗಿಡಬೇಕು. ಫ್ಲ್ಯಾಟಿನಲ್ಲಿರುವವರಿಗೂ ಇದೇ ಪಾಠ: ದಕ್ಷಿಣದ ಕಿಟಕಿಯನ್ನು ಹಗಲು ಬಿಸಿಲಿಗೆ ತೆರೆದಿಟ್ಟು, ಸಂಜೆ ಐದಕ್ಕೆ ಮುಚ್ಚಿ ದಪ್ಪ ಪರದೆ ಎಳೆದರೆ ಹೀಟರಿನ ಅಗತ್ಯ ಬೀಳುವುದು ಕಡಿಮೆ.

ಇನ್ನೊಂದು ಕೆಲಸವನ್ನು ನಾವು ಕೂಡಿ ಮಾಡಬಹುದು. ನಮ್ಮ ಕಪಾಟುಗಳಲ್ಲಿ ಉಡದೆ ಮಡಿಸಿಟ್ಟ ಹತ್ತಿಯ ಸೀರೆಗಳಿಗೆ ಲೆಕ್ಕವಿಲ್ಲ. ಆ ಸಾಲುಮನೆಗಳ ಹೆಂಗಸರಲ್ಲಿ ಕೌದಿ ಹೊಲಿಯಬಲ್ಲವರು ಅನೇಕರಿದ್ದಾರೆ. ಹಳೆಯ ಬಟ್ಟೆಯನ್ನು ದಾನವೆಂದು ಕೊಟ್ಟು ಕೈತೊಳೆದುಕೊಳ್ಳುವ ಬದಲು, ಹೊಲಿಗೆಗೆ ಗೌಂಡಿಕೆಲಸದ ದಿನಗೂಲಿಯಷ್ಟೇ ಕೂಲಿ ಕೊಟ್ಟು, ಎರಡು ಕೌದಿಗೆ ಸಾಲುವಷ್ಟು ಸೀರೆ ಒಯ್ದರೆ, ಒಂದು ನಮ್ಮ ಮನೆಗೆ ಬರುತ್ತದೆ, ಇನ್ನೊಂದು ಅವರ ಮಕ್ಕಳ ಮೈಮೇಲೆ ಉಳಿಯುತ್ತದೆ. ಕೌದಿ ಹೊಲಿಯಲು ದಿನಗಳು ಹಿಡಿಯುತ್ತವೆ. ಸಂಕ್ರಾಂತಿಯ ಚಳಿಗೆ ಅದು ಸಿದ್ಧವಾಗಬೇಕಾದರೆ ಸೀರೆಗಳು ದಸರೆಯ ಹೊತ್ತಿಗೇ ಕಪಾಟಿನಿಂದ ಹೊರಬರಬೇಕು.